ರೆಗೆಟೋನ್ ಕಛೇರಿಗೆ ನಾನು ಹೋಗದಿದ್ದುದು

ಕೊಬ್ಬರಿ ವ್ಯಾಪಾರಿಯ ಮುಖದಲ್ಲಿ ಏನೂ ಕಾಣಿಸಬಾರದು. ಇದು ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ. ಬಹುಶಃ ಕೊನೆಯದೂ ಅದೇ ಇರಬೇಕು, ಆಮೇಲೆ ಕಲಿತದ್ದೇನೂ ನೆನಪಿಗೆ ಬರುತ್ತಿಲ್ಲ. ರೈತ ಕಾಯಿ ಒಣಗಲು ಹಾಕಿದ ಅಟ್ಟ ಹತ್ತಿದಾಗ ಎದುರಿಗೆ ಚಿನ್ನದಂಥ ಕಾಯಿ ಬಿದ್ದಿದ್ದರೂ 'ಪರವಾಗಿಲ್ಲ, ನೋಡೋಣ' ಎಂದು ಮೂಗು ಮುರಿಯಬೇಕು. ಬೇಕು ಎಂದು ಬಾಯಿಬಿಟ್ಟರೆ ಅಲ್ಲಿಗೆ ವ್ಯಾಪಾರ ಕೆಟ್ಟಂತೆ. ತೊಂದರೆ ಏನೆಂದರೆ, ಈ ಮುಖವನ್ನು ಅಂಗಡಿಯಲ್ಲೇ ಕಳಚಿಟ್ಟು ಮನೆಗೆ ಬರುವ ವಿದ್ಯೆಯನ್ನು ಅಪ್ಪ ಹೇಳಿಕೊಡಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು 'ಬೇಡ, ಬೇಡ' ಎನ್ನುತ್ತೇನೆ. ಬಡಿಸುವವರು ಬಲವಂತ ಮಾಡಬೇಕು, ನಾನು ಬೆರಳ ಸಂದಿಯಲ್ಲಿ ಜಾಗ ಬಿಡಬೇಕು. ತಿಪಟೂರು ಸೀಮೆಯಲ್ಲಿ ಹೋಳಿಗೆ ಎಲೆಗೆ ಇಳಿಯುವ ದಾರಿಯೇ ಅದು. ಈಚಿನ ಕೇಟರಿಂಗ್‌ನವರು ಒಂದು ಸಲ ಬೇಡವೆಂದರೆ ನಂಬಿ ಮುಂದಿನ ಎಲೆಗೆ ಹೋಗಿಬಿಡುತ್ತಾರೆ. ಎಷ್ಟೋ ಮದುವೆಗಳಿಂದ ನಾನು ಅರೆಹೊಟ್ಟೆಯಲ್ಲಿ ಎದ್ದು ಬಂದಿದ್ದೇನೆ.

ಇಂಥ ನಾನು ಸಮುದ್ರದಾಚೆಯ ಒಬ್ಬ ಗಾಯಕನಿಗೆ ಮನಸೋತದ್ದು ಹೇಗೆ ಎಂದು ಕೇಳಿದರೆ, ನನ್ನ ಹೆಂಡತಿ ವಿಶಾಲುವಿನ ಕಡೆ ಬೆರಳು ತೋರಿಸಬೇಕಾಗುತ್ತದೆ. ನಮ್ಮ ಹಿತ್ತಿಲ ಶೆಡ್ಡಿನಲ್ಲಿ ಹೆಂಗಸರು ಕೂತು ಒಣಕಾಯಿಯ ಚಿಪ್ಪು ಬಿಡಿಸುವಾಗ ಬೇಸರ ಕಳೆಯಲೆಂದು ಅವಳು ಫೋನಿನಲ್ಲಿ ಹಾಡು ಹಾಕುತ್ತಾಳೆ. ಮೊದಲು ಭಾವಗೀತೆ ಇತ್ತು, ಆಮೇಲೆ ಸಿನಿಮಾ ಹಾಡು ಬಂತು, ಒಂದು ದಿನ ಫೋನು ತಾನಾಗಿಯೇ ಎಲ್ಲಿಂದಲೋ ಒಂದು ಸ್ಪ್ಯಾನಿಷ್ ಹಾಡನ್ನು ಎಳೆದುಕೊಂಡು ಬಂತು. ಡುಂ ಟಕ ಟಕ್ಕ, ಡುಂ ಟಕ ಟಕ್ಕ. ಚಿಪ್ಪು ಒಡೆಯುವ ಕೈಗಳೆಲ್ಲ ಯಾರೂ ಹೇಳದೆಯೇ ಆ ತಾಳಕ್ಕೆ ಬಿದ್ದವು. ಅದಕ್ಕೆ ರೆಗೆಟೋನ್ ಎನ್ನುತ್ತಾರಂತೆ. ಹಾಡುವವನು ಯಾವುದೋ ದ್ವೀಪದವನು. ಕಪ್ಪು ಕನ್ನಡಕ, ಕೊರಳಲ್ಲಿ ಎತ್ತಿನ ಹಗ್ಗದಷ್ಟು ದಪ್ಪದ ಸರ. ನಾನು ಮೊದಲು ನೋಡಿದ್ದು ಅವನನ್ನಲ್ಲ, ಅವನ ಬೆನ್ನ ಹಿಂದಿದ್ದ ತೆಂಗಿನ ಮರಗಳನ್ನು. ಒಣಗರಿ ತೆಗೆಸಿಲ್ಲ, ಬುಡ ಗೊಬ್ಬರ ಕಂಡಿಲ್ಲ, ಕಾಯಿ ಮರದಲ್ಲೇ ಒಣಗಿ ನಿಂತಿವೆ. ತೋಟ ನೋಡಿಕೊಳ್ಳಲು ಆಗದವನು ಇನ್ನೇನು ಹಾಡಿಯಾನು ಎಂದೆ. ವಿಶಾಲು ಕೇಳಿಸದವಳಂತೆ ಸದ್ದು ಇನ್ನಷ್ಟು ಏರಿಸಿದಳು.

ತೋಟದ ಸ್ಥಿತಿ ಎಲ್ಲ ಕಡೆಯೂ ಹೀಗೆಯೇ ಇದೆಯೋ ಎಂದು ನೋಡಲು ಇನ್ನೆರಡು ವಿಡಿಯೋ ನೋಡಿದೆ. ಆಮೇಲೆ ತೋಟವಿಲ್ಲದ ವಿಡಿಯೋಗಳನ್ನೂ ನೋಡಿದೆ. ಒಣಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಸದ್ದಿನಿಂದಲೇ ತಿಳಿಯುವುದು ನಮ್ಮ ಕಸುಬು. ಒಂದೆರಡು ಸಲ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಹುಳಿಯಾರು ಕಡೆಯ ಚಿಕ್ಕಣ್ಣನೆಂಬ ರೈತನ ಅಟ್ಟದಲ್ಲಿ, ತಲೆಯೊಳಗೆ ಹಾಡು ಸುತ್ತುತ್ತಿದ್ದ ಕಾರಣ, ಪಲ್ಲವಿ ಮುಗಿಯುವವರೆಗೂ ಒಂದೇ ಕಾಯಿಯನ್ನು ಅಲ್ಲಾಡಿಸುತ್ತ ನಿಂತುಬಿಟ್ಟೆ. ಚಿಕ್ಕಣ್ಣನ ಮುಖ ಬಾಡಿತು. ನನಗೇನೋ ಐಬು ಕಂಡಿದೆ ಎಂದುಕೊಂಡು ಅವನೇ ದರ ಇಳಿಸಿದ. ರೆಗೆಟೋನಿನಿಂದ ಲಾಭ ಮಾಡಿಕೊಂಡ ಕೊಬ್ಬರಿ ವ್ಯಾಪಾರಿ ಇಡೀ ತುಮಕೂರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹೀಗಿರುವಾಗ ಆ ಗಾಯಕ ವಿಶ್ವ ಪ್ರವಾಸ ಹೊರಟ ಸುದ್ದಿ ಬಂತು. ಮೆಕ್ಸಿಕೊ, ಸ್ಪೇನ್, ಜಪಾನ್ ಎಲ್ಲ ಸುತ್ತಿಕೊಂಡು ಬೆಂಗಳೂರಿನಲ್ಲೂ ಒಂದು ಸಂಜೆ ಹಾಡುತ್ತಾನಂತೆ. ವಿಶಾಲು ರಾಗಿ ಹಿಟ್ಟು ಜರಡಿ ಹಿಡಿಯುತ್ತ, ಹೋಗೋಣವೇ ಎಂದು ಕೇಳಿದಳು. ನನ್ನ ಎದೆ ಡುಂ ಎಂದಿತು. ಬಾಯಿ ಮಾತ್ರ ಹಳೆಯ ಅಭ್ಯಾಸದಂತೆ, ಯಾರಿಗೆ ಬೇಕು ಅದು ಎಂದುಬಿಟ್ಟಿತು.

ಆದರೆ ನಾನು ಒಳಗೊಳಗೇ ಬೇರೆ ಲೆಕ್ಕ ಹಾಕಿದ್ದೆ. ಗುಟ್ಟಾಗಿ ಎರಡು ಟಿಕೆಟ್ ಕೊಂಡು, ಯಾರೋ ಬಲವಂತವಾಗಿ ಕೈಗೆ ತುರುಕಿದರು, ದಂಡವಾಗಬಾರದಲ್ಲ ಎಂಬ ಮುಖ ಮಾಡಿಕೊಂಡು ಹೋಗಿಬರುವುದು. ಟಿಕೆಟ್ ಮಾರುವ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಫೋನು ಹಿಡಿದು ಕೂತೆ. ನನ್ನ ಮುಂದೆ ಊರಿಗೆ ಊರೇ ಸರದಿಯಲ್ಲಿತ್ತು. ಅಂತೂ ನನ್ನ ಪಾಳಿ ಬಂದು, ಎರಡು ಸೀಟು, ಅದರ ದರ, ಪಕ್ಕದಲ್ಲೇ ಹಿಮ್ಮುಖವಾಗಿ ಓಡುವ ಒಂದು ಗಡಿಯಾರ ಕಾಣಿಸಿದವು. ಇಲ್ಲೇ ನನ್ನ ಕಸುಬು ನನಗೆ ಕೈಕೊಟ್ಟಿದ್ದು. ಮೊದಲು ಹೇಳಿದ ದರಕ್ಕೆ ಕೈಚಾಚುವವನೂ ಒಬ್ಬ ವ್ಯಾಪಾರಿಯೇ? ಮಾರುವವನು ಇಷ್ಟು ಅವಸರ ಮಾಡುತ್ತಿದ್ದಾನೆ ಎಂದರೆ ಸರಕು ಸಾಗಿಸುವ ಗರಜು ಅವನದೇ. ಫೋನನ್ನು ಮೇಜಿನ ಮೇಲಿಟ್ಟು, ಕೈಕಟ್ಟಿಕೊಂಡು, ನನಗೇನೂ ಆತುರವಿಲ್ಲ ಎಂಬಂತೆ ಸೂರು ನೋಡುತ್ತ ಕೂತೆ. ಹೊತ್ತು ಮುಗಿದು ಅದು ನನ್ನನ್ನು ಹೊರಗೆ ಹಾಕಿತು. ನನಗೆ ಖುಷಿಯೇ ಆಯಿತು. ಅಂಗಡಿ ಮೆಟ್ಟಿಲಿಳಿದು ನಡೆದರೆ ತಾನೇ ಹಿಂದಿನಿಂದ ಕರೆಯುವುದು? ಹೋಟೆಲಿಗೆ ಹೋಗಿ ನಿಧಾನವಾಗಿ ಕಾಫಿ ಕುಡಿದು ಬಂದೆ. ಅಷ್ಟರಲ್ಲಿ ಟಿಕೆಟ್ ಎಲ್ಲ ಖಾಲಿಯಾಗಿತ್ತು.

ಸಂಜೆ ಪಕ್ಕದ ಮನೆಯ ನಾಗರತ್ನ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಿದ್ದಳು. ಅವಳ ಬಟ್ಟಲಿಗೆ ಮಜ್ಜಿಗೆ ಹಾಕುತ್ತಲೇ ವಿಶಾಲು, ತಾನು ಬೆಳಿಗ್ಗೆ ಅಡುಗೆಮನೆಯಲ್ಲೇ ನಿಂತು ಕುಕ್ಕರ್ ಕೂಗುವಷ್ಟರಲ್ಲಿ ಎರಡು ಟಿಕೆಟ್ ತೆಗೆದ ಸಂಗತಿ ಹೇಳಿದಳು. ಹೇಳಿದ ದರಕ್ಕೇ ಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಬತ್ತೀರೇನ್ರೀ?" ಎಂದಳು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಎಲೆಗೆ ಕೈ ಅಡ್ಡ ಹಿಡಿದೆ. ಬೆರಳ ಸಂದಿಯಲ್ಲಿ ಧಾರಾಳವಾಗಿ ಜಾಗ ಬಿಟ್ಟೇ ಹಿಡಿದೆ. "ಬುಡೇ, ನಂಗ್ಯಾಕೆ ಅವೆಲ್ಲ" ಎಂದು, ಇನ್ನೊಂದು ಸಲ ಕೇಳಲಿ ಎಂದು ಕಾದೆ. ವಿಶಾಲು ನನ್ನನ್ನೇ ಒಂದು ಗಳಿಗೆ ನೋಡಿ, ಸರಿ ಎಂದಳು. ಅಷ್ಟೇ. ನಾಗರತ್ನ ಬಟ್ಟಲು ಕೆಳಗಿಟ್ಟು, "ಹಂಗಾರೆ ನಾನ್ ಬತ್ತೀನಿ ಕಣಕ್ಕ" ಎಂದಳು. ಅವಳಿಗೆ ಬೇಕಿತ್ತು, ಕೇಳಿದಳು, ಸಿಕ್ಕಿತು. ಇಷ್ಟು ಸಲೀಸಾದ ವ್ಯಾಪಾರವನ್ನು ನಾನು ಮಾರುಕಟ್ಟೆಯಲ್ಲಿ ಎಂದೂ ಕಂಡಿರಲಿಲ್ಲ.

ಕಛೇರಿಯ ದಿನ ಇಬ್ಬರನ್ನೂ ಸ್ಟೇಷನ್ನಿಗೆ ಬಿಡಲು ಹೋದೆ. ಚೀಲ ಹೊತ್ತವನೂ ನಾನೇ. ರೈಲು ಕದಲುವವರೆಗೂ ನಾಗರತ್ನಳಿಗೆ ಒಂದು ಸಣ್ಣ ತಲೆನೋವಾದರೂ ಬರಬಹುದೆಂದು ಆಸೆಪಟ್ಟೆ. ಅವಳು ಕಿಟಕಿ ಪಕ್ಕ ಕೂತು ಚಕ್ಕುಲಿ ಕಡಿಯುತ್ತಿದ್ದಳು. ವಿಶಾಲು, ಸಾರು ಬಿಸಿ ಮಾಡಿಕೊಳ್ಳಿ ಎಂದು ಕೂಗಿ ಹೇಳಿದಳು. ಮನೆಗೆ ಬಂದು, ಇಷ್ಟು ಬೇಕೆನಿಸಿದ್ದನ್ನು ಒಂದು ಮಾತಿಗೆ ಕಳೆದುಕೊಂಡೆನಲ್ಲ ಎಂದು ಮನಸಾರೆ ಮರುಗಿದೆ.

ಸಂಜೆ ಶೆಡ್ಡಿನಲ್ಲಿದ್ದಾಗ ವಿಶಾಲುವಿನ ವಿಡಿಯೋ ಕರೆ ಬಂತು. ಕತ್ತಲು, ಬೆಳಕು, ಜನ, ದೂರದಲ್ಲಿ ಹೆಬ್ಬೆರಳಷ್ಟು ಗಾಯಕ. ಕಾಯಿ ರಾಶಿಗೆ ಫೋನು ಒರಗಿಸಿ, ಎರಡು ಕೈಗೂ ಒಂದೊಂದು ಒಣಕಾಯಿ ತೆಗೆದುಕೊಂಡು, ಯಾರೂ ಇಲ್ಲವೆಂಬ ಧೈರ್ಯದ ಮೇಲೆ ತಾಳ ಹಾಕಿದೆ. ಸೊಂಟವೂ ಸ್ವಲ್ಪ ಸಹಕರಿಸಿತು. ಹಾಡು ಮುಗಿದು ಫೋನು ನೋಡಿದರೆ ಪರದೆಯ ತುಂಬ ವಿಶಾಲುವಿನ ಮುಖ. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಅಷ್ಟರಲ್ಲಿ ಅವಳು ಕರೆ ಮುಗಿಸಿದಳು.

ಮರುದಿನ ಅವಳು ಬಂದಾಗ ಚಿಕ್ಕಣ್ಣ ಹೊಸ ಕಾಯಿಯ ಮಾತಿಗೆಂದು ಬಂದು ನಮ್ಮ ಜಗಲಿಯಲ್ಲಿ ಕೂತಿದ್ದ. ನಾನು ಎಂದಿನ ಮುಖ ಹಾಕಿಕೊಂಡು, ಈ ಸಲ ಮಾಲು ಅಷ್ಟೇನೂ ಬೇಕಾಗಿಲ್ಲ ಕಣಪ್ಪ ಎನ್ನುತ್ತಿದ್ದೆ. ವಿಶಾಲು ಚೀಲದಿಂದ ಆ ಗಾಯಕನ ಚಿತ್ರವಿದ್ದ ಕರಿಯ ಟೀಶರ್ಟ್ ತೆಗೆದು ನನ್ನ ಮುಂದೆ ಹಿಡಿದಳು. ಈ ವಯಸ್ಸಿನಲ್ಲಿ ನನಗೇಕೆ ಇದು ಎಂದೆ.

"ಸರಿ ಬುಡಿ. ನಾಗರತ್ನನ ಯಜಮಾನ್ರಿಗೆ ಕೊಡ್ತೀನಿ" ಎಂದು ಅವಳು ಮಡಿಸತೊಡಗಿದಳು.

"ಬೇಕು ಕಣೇ," ಎಂದೆ. "ನಂಗೇ ಬೇಕು."

ವಿಶಾಲು ಟೀಶರ್ಟನ್ನು ನನ್ನ ಹೆಗಲ ಮೇಲೆ ಹಾಕಿ ನಗುತ್ತ ಒಳಗೆ ಹೋದಳು. ಚಿಕ್ಕಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸ್ವಾಮಿ, ಬ್ಯಾಡ ಅಂದ್ರೆ ಏನು ಅರ್ಥ ಅಂತ ಈಗ ಗೊತ್ತಾಯ್ತು ಬುಡಿ. ಇನ್ ನನ್ ಕಾಯಿ ಮಾತಾಡಣ" ಎಂದ.

ಅವತ್ತು ಅವನು ಹೇಳಿದ ದರಕ್ಕೇ ವ್ಯಾಪಾರವಾಯಿತು. ಟೀಶರ್ಟನ್ನು ಈಗ ಬಿಳಿ ಅಂಗಿಯ ಒಳಗೆ ಹಾಕಿಕೊಂಡು ಅಟ್ಟ ಹತ್ತುತ್ತೇನೆ. ಹೊಟ್ಟೆಯ ಹತ್ತಿರ ವಿಪರೀತ ಬಿಗಿ, ಒಂದು ಅಳತೆ ದೊಡ್ಡದು ಬೇಕಿತ್ತು. ಅದನ್ನು ವಿಶಾಲುವಿಗೆ ಇನ್ನೂ ಹೇಳಿಲ್ಲ.