ಕರಿ ನಾಯಿಯ ತಿಂಡಿ

ಕರಿಬಸಯ್ಯನವರು ಬೆಳಿಗ್ಗೆ ಎದ್ದವರೇ ಬಾಡಿಗೆದಾರ ಹುಲಿಗೇಶನ ಅಂಗಳದ ನಲ್ಲಿಗೆ ಬೀಗ ಹಾಕಿದರು. ಬಾಡಿಗೆಯಲ್ಲಿ ನೀರೂ ಸೇರಿತ್ತು.

ಹುಲಿಗೇಶ ಲಿಂಗಸುಗೂರಿನ ಕುಡಿಯುವ ನೀರಿನ ಕಚೇರಿಯಲ್ಲಿ ಗುಮಾಸ್ತ. ಯಾವ ಹಳ್ಳಿಯ ಯಾವ ಬೋರು ಕೆಟ್ಟಿದೆ ಎಂದು ನಿದ್ದೆಗಣ್ಣಲ್ಲೂ ಹೇಳುವವನು, ಈಗ ಸ್ವಂತ ಬಕೆಟ್ ಹಿಡಿದು ಬೀಗದ ಮುಂದೆ ನಿಂತ.

"ಅಯ್ಯಾರ, ಇದೇನ್ರಿ?"

"ನಿನ್ನ ನಾಯಿ ಮೈಯೆಲ್ಲ ಹುಣ್ಣು ಮಾಡ್ಕೊಂಡೈತಿ, ಆ ನಲ್ಲಿ ಬುಡಕ್ಕs ಮಲಗತೈತಿ. ಅಂಟುರೋಗ ಅದು. ರಾತ್ರಿಯಿಂದ ನನ್ನ ಬೆನ್ನೂ ಕಡಿಯಾಕತ್ತೈತಿ." ಕರಿಬಸಯ್ಯನವರು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಎಮ್ಮೆಯಂತೆ ಉಜ್ಜಿಕೊಂಡರು. "ಸಂಜೀಕ ನಾಯಿ ಹೋಗಬೇಕು. ಇಲ್ಲಾ, ನಾಯಿ ಕರಕೊಂಡು ನೀ ಹೋಗಬೇಕು."

ಅಂಟು ಎಂಬ ಮಾತು ಹುಲಿಗೇಶನಿಗೆ ಹೊಸದಲ್ಲ. ಅವನ ಅಪ್ಪ ಕೇಳಿದ್ದ, ಅಜ್ಜ ಕೇಳಿದ್ದ. ಆಗ ಅವರ ಮನೆಯಲ್ಲಿ ನಾಯಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಮನೆಗಾಗಿ ಅವನ ಚಪ್ಪಲಿ ಸವೆದಿತ್ತು. ಓಣಿ ಓಣಿಯಲ್ಲೂ ಬಾಗಿಲು ತೆರೆದವರು ಮೊದಲು ನಗುತ್ತಿದ್ದರು, ಆಮೇಲೆ "ನೀವು ಯಾರ ಪೈಕಿ?" ಎನ್ನುತ್ತಿದ್ದರು, ಉತ್ತರ ಕೇಳಿದ ಮೇಲೆ ಆ ಮನೆಗೆ ಎಲ್ಲಿಂದಲೋ ಅವರ ಅಳಿಯ ಬರುವವನಿರುತ್ತಿದ್ದ. ಕರಿಬಸಯ್ಯನವರ ಹೆಂಡತಿ ಕಲ್ಯಾಣಮ್ಮ ಮಾತ್ರ ಅದೇನೂ ಕೇಳಲಿಲ್ಲ. ಅವನ ಹಿಂದೆ ನಿಂತಿದ್ದ ನಾಯಿಯನ್ನು ಒಂದು ಸುತ್ತು ಹಾಕಿ, ಬಗ್ಗಿ ಹೊಟ್ಟೆಯನ್ನೂ ನೋಡಿ, "ಎಲ್ಲೂ ಬಿಳಿ ಚುಕ್ಕಿ ಇಲ್ಲಲ್ಲ?" ಎಂದಷ್ಟೇ ಕೇಳಿ, ಗಂಡ ಬಾಯಿ ತೆರೆಯುವ ಮೊದಲೇ ಕೀಲಿಕೈ ಕೊಟ್ಟಿದ್ದಳು. ಕಾಲ ಬದಲಾಯಿತು ಎಂದು ಹುಲಿಗೇಶ ಅವತ್ತು ಆಫೀಸಿಗೆಲ್ಲ ಚಹಾ ಕುಡಿಸಿದ್ದ. ನಾಯಿಯ ಹೆಸರು ಕರಿಯ. "ಕರ್ಯಾ, ಬಾಲೇ" ಎಂದು ಕೂಗಿದ ಮೊದಲ ದಿನವೇ ಕರಿಬಸಯ್ಯನವರು "ಯಾವನಲೇ ಅವ" ಎಂದು ಹೊರಬಂದದ್ದರಿಂದ ಅದು ಟಾಮಿಯಾಯಿತು.

"ನಾಯಿ ಎಲ್ಲಿಗೂ ಹೋಗಾಂಗಿಲ್ಲ" ಎಂದಳು ಹುಲಿಗೇಶನ ಹೆಂಡತಿ ಪಂಪಾವತಿ. "ದವಾಖಾನಿಗೆ ಒಯ್ರಿ. ಅಂಟು ಅಲ್ಲ ಅಂತ ಡಾಕ್ಟರ ಬಾಯಿಲೇ ಕೇಳ್ಕೊಂಡ್ ಬರ್ರಿ."

ಆದರೆ ನಾಯಿ ಹೊಸಿಲು ದಾಟುವ ಮೊದಲೇ ಓಣಿಯ ಡಾಕ್ಟರುಗಳು ಬಂದರು. ಬೈಕ್ ಮೆಕ್ಯಾನಿಕ್ ದಸ್ತಗೀರ್‌ಸಾಬ್ ಡಬ್ಬಿಯಲ್ಲಿ ಸುಟ್ಟ ಎಂಜಿನ್ ಆಯಿಲ್ ತಂದಿದ್ದ. ಈ ಸೀಮೆಯಲ್ಲಿ ತುರಿಕೆಗೆ ತಿಂಡಿ ಎನ್ನುತ್ತಾರೆ, ಕಾಲು ಕೆರೆದು ಜಗಳಕ್ಕೆ ಬರುವ ಚಪಲಕ್ಕೂ.

"ಇದನ್ನ ಹಚ್ಚು, ತಿಂಡಿ ಖತಂ. ಮಸ್ಕಿಯಾಗ ನಮ್ಮ ಕಾಕಾನ ನಾಯಿಗೆ ಹಚ್ಚಿದ್ವಿ, ಒಂದs ದಿನಕ್ಕ ತಿಂಡಿ ಹೋತು."

"ನಾಯಿ?"

"ಅದೂ ಹೋತು."

ಎದುರುಮನೆಯ ರಾಜಶ್ರೀ ಟೀಚರು ಅರಿಷಿಣ ಕಲೆಸಿದ ಮೊಸರು ತಂದರು. ಎರಡರಲ್ಲಿ ಇದೇ ವಾಸಿ ಎಂದು ಹುಲಿಗೇಶ ಒಪ್ಪಿದ. ಟಾಮಿ ಮೊಸರನ್ನು ನೆಕ್ಕಿ ಮುಗಿಸಿ, ಅರಿಷಿಣವನ್ನು ಮೈಮೇಲೆ ಉಳಿಸಿಕೊಂಡು, ಮದುಮಗನಂತೆ ನಿಂತಿತು. ಗ್ಯಾಲರಿಯಿಂದ ಬಗ್ಗಿ ನೋಡಿದ ಕಲ್ಯಾಣಮ್ಮ ಎದೆ ಹಿಡಿದುಕೊಂಡಳು.

"ಯಾಕಪಾ ಅದಕ್ಕ ಹಳದಿ ಬಡದಿ? ಕರೀದು ಕರೀದs ಇರಲಿ, ತೊಳಿ ಮೊದಲ."

"ನೀರಿಗೆ ಕೀಲಿ ಹಾಕ್ಯಾರ್ರಿ ಅಮ್ಮಾರ."

ಕಲ್ಯಾಣಮ್ಮ ಸರ್ರನೆ ಒಳಗೆ ಹೋದಳು.

ಹಳದಿ ನಾಯಿಯನ್ನು ಮುಂದೆ ಕೂರಿಸಿಕೊಂಡು ಬೈಕ್ ಹೊಡೆದ ಹುಲಿಗೇಶನನ್ನು ಬಸ್ ಸ್ಟ್ಯಾಂಡೇ ಎದ್ದು ನೋಡಿತು. ಪಶು ಡಾಕ್ಟರು ಅನಿಲಕುಮಾರ ಮಂಡ್ಯದ ಕಡೆಯವರು, ಹೊಸಬರು.

"ಏನಾಗಿದೆ?"

"ತಿಂಡಿ ಭಾಳ ಆಗೈತ್ರಿ ಸರ."

"ಯಾವಾಗ ಯಾವಾಗ ತಿಂಡಿ?"

"ಹೊತ್ತಿಲ್ರಿ, ಗೊತ್ತಿಲ್ರಿ. ರಾತ್ರಿಯಂತೂ ಕಣ್ಣು ಮುಚ್ಚಗೊಡಾಂಗಿಲ್ಲ."

ಡಾಕ್ಟರು ಕನ್ನಡಕ ತೆಗೆದರು. "ರಾತ್ರಿಯೆಲ್ಲ ತಿಂಡಿ ಕೊಡ್ತೀರಾ?"

"ನಾ ಎಲ್ಲಿ ಕೊಡ್ಲಿರಿ, ಅದು ತಾನs ಬಂದೈತಿ."

"ನೋಡಿ, ಮೊದಲು ತಿಂಡಿ ನಿಲ್ಲಿಸಿ."

"ನಿಲ್ಲಸಾಕs ನಿಮ್ಮ ಹತ್ರ ಬಂದೀನ್ರಿ" ಎಂದ ಹುಲಿಗೇಶ, ಅಳುವುದೊಂದು ಬಾಕಿ. "ನಮ್ಮ ಮನಿ ಮಾಲಕರಿಗೂ ತಿಂಡಿ ಹತ್ತೈತಂತ."

ಅಷ್ಟರಲ್ಲಿ ಟಾಮಿ ಹಿಂಗಾಲೆತ್ತಿ ಕಿವಿಯನ್ನು ಪರಪರ ಕೆರೆದುಕೊಂಡಿತು. ಡಾಕ್ಟರು ನಾಯಿಯನ್ನೂ ಹುಲಿಗೇಶನನ್ನೂ ನೋಡಿ ಜೋರಾಗಿ ನಕ್ಕರು. ಆಮೇಲೆ ಕಿವಿ ಮಡಚಿ ನೋಡಿದರು, ಕೆಂಪಾಗಿತ್ತು. ನೆಕ್ಕಿ ನೆಕ್ಕಿ ಪಾದದ ಕೂದಲು ಉದುರಿತ್ತು. ಉಣ್ಣಿ, ಚಿಗಟ ಹುಡುಕಿದರು. ಚರ್ಮ ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು.

"ಹುಳ ಇಲ್ಲ. ಇದು ಕಜ್ಜಿ ಅಲ್ಲ, ಅಲರ್ಜಿ. ಯಾರಿಗೂ ಅಂಟೋದಿಲ್ಲ."

"ಇನ್ನೊಮ್ಮೆ ಹೇಳ್ರಿ ಸರ."

"ಅಂಟೋದಿಲ್ಲ. ಊಟದಿಂದ ಬಂದಿರೋ ಹಾಗಿದೆ. ಹಾಲು, ಗೋಧಿ ಏನಾದ್ರೂ ಹಾಕ್ತೀರಾ?"

"ನಮಗs ಇಲ್ರಿ. ಜ್ವಾಳದ ರೊಟ್ಟಿ, ಸಾರು."

"ಹಾಗಾದ್ರೆ ಹೊರಗಿನವರು ಯಾರೋ ಹಾಕ್ತಿದಾರೆ, ಪತ್ತೆ ಮಾಡಿ. ಎರಡು ತಿಂಗಳು ನಾನು ಹೇಳಿದ್ದು ಬಿಟ್ಟು ಒಂದು ತುತ್ತೂ ಬೇರೆ ಹಾಕಬೇಡಿ, ಯಾವುದರಿಂದ ಅಂತ ಆಗ ಗೊತ್ತಾಗುತ್ತೆ. ಕಿವಿ, ಪಾದ ಒದ್ದೆ ಇರಬಾರದು. ಈ ಅರಿಷಿಣ ಗಿರಿಷಿಣ ಬೇಡ." ಮಾತ್ರೆ ಕೊಟ್ಟು, ಮತ್ತೆ ನಕ್ಕು ಹೇಳಿದರು: "ನಾನು ಮೊದಲೇ ಹೇಳಿದ್ದು ಸರಿಯೇ ಆಯ್ತು. ತಿಂಡಿ ಪೂರಾ ಬಂದ್."

ಹುಲಿಗೇಶ ಗೆದ್ದ ಪೈಲ್ವಾನನಂತೆ ಅಂಗಳಕ್ಕೆ ಬಂದ. ನಾಯಿ ಕಳಿಸುವುದನ್ನು ನೋಡಲು ಓಣಿಯೇ ನೆರೆದಿತ್ತು.

"ಅಂಟು ಅಲ್ಲಂತ ಅಯ್ಯಾರ. ಅಲರ್ಜಿ. ಯಾರೋ ಕದ್ದು ಹಾಲು, ಗೋಧಿ ತಿನಸಾಕತ್ತಾರಂತ."

"ನಿನ್ನ ನಾಯಿಗೆ ಯಾರಲೇ ಹಾಲು ಹಾಕ್ತಾರ?" ಕರಿಬಸಯ್ಯನವರು ಬೆನ್ನು ಉಜ್ಜುತ್ತಲೇ ಅಂದರು. "ನನಗs ಮನ್ಯಾಗ ನೀರಮಜ್ಜಿಗಿ."

ಆಗ ಹಿತ್ತಲಿನಿಂದ ಮೆಲ್ಲಗೆ ಒಂದು ದನಿ ಬಂತು: "ಭೈರವಾ, ಬಾರಪ್ಪಾ."

ಟಾಮಿ ಸರಪಳಿಯ ಸಮೇತ ಹುಲಿಗೇಶನನ್ನು ಎಳೆದುಕೊಂಡು ಓಡಿತು. ಓಣಿ ಹಿಂದೆಯೇ ಓಡಿತು. ಹಿತ್ತಲಲ್ಲಿ ಕಲ್ಯಾಣಮ್ಮ ಹಿತ್ತಾಳೆ ಬೋಗುಣಿಯಲ್ಲಿ ಗೋಧಿಹುಗ್ಗಿಗೆ ಹಾಲು ಸುರಿದುಕೊಂಡು ಕೂತಿದ್ದಳು. ಯುಗಾದಿಯ ಹೋಳಿಗೆಯನ್ನು ಪಂಪಾವತಿಯ ಸೆರಗಿಗೆ ಗೇಣು ಮೇಲಿಂದ ಬಿಟ್ಟಿದ್ದ ಕೈ, ಈಗ ನಾಯಿಯ ಗದ್ದ ಹಿಡಿದು ತುತ್ತು ಇಡಲು ಮುಂದಾಗಿತ್ತು.

"ಇದೇನಲೇ ಕಲ್ಯಾಣಿ?"

"ನಿಮ್ಮ ಸಲುವಾಗಿರೀ. ನಿಮಗ ಸಾಡೇಸಾತಿ ಐತಿ. ಚುಕ್ಕಿ ಇಲ್ಲದ ಕರಿ ನಾಯಿಗೆ ದಿನಾ ಹುಗ್ಗಿ ಉಣಿಸಿದ್ರ ಶನಿ ಅದರ ಮೈಗೆ ಹೋಗತಾನಂತ ಶಾಸ್ತ್ರ ಹೇಳವ್ರು ಹೇಳ್ಯಾರ. ಅದಕ್ಕs ಈ ಮನಿ ಕೊಟ್ಟೆ." ಅವಳು ಹುಲಿಗೇಶನತ್ತ ನೋಡಲಿಲ್ಲ. "ಇಲ್ಲಂದ್ರ ಇವರಿಗೆ ಕೊಡ್ತಿದ್ದೆನೇನು?"

ಆಫೀಸಿಗೆಲ್ಲ ಕುಡಿಸಿದ ಚಹಾ ಹುಲಿಗೇಶನ ಗಂಟಲಿಗೆ ಮರಳಿ ಬಂದಂತಾಯಿತು.

ಕರಿಬಸಯ್ಯನವರು ನಾಯಿಯ ಹುಣ್ಣುಗಳನ್ನು ಒಂದೊಂದಾಗಿ, ಭಕ್ತಿಯಿಂದ ನೋಡಿದರು. "ಹಂಗಾರ ಇವೆಲ್ಲ?"

"ನಿಮಗ ಬರಬೇಕಾಗಿದ್ದು."

ಅವರ ಬೆನ್ನಿನ ತಿಂಡಿ ಅಲ್ಲಿಗೇ ನಿಂತಿತು. "ನೋಡು ಹುಲಿಗೇಶ, ನಾಯಿ ಇಲ್ಲೇ ಇರಲಿ. ಹುಗ್ಗಿ ತಪ್ಪಬಾರದು. ಸಂಜೀಕ ಬೇಕಾದ್ರ ನೀವಿಬ್ಬರೂ ಹೋಗ್ರಿ."

"ನಲ್ಲಿರಿ?"

"ನಾಯಿಗೆ ಬೇಕಾದಷ್ಟು ನೀರು ನಾವು ಬೋಗುಣ್ಯಾಗ ಇಡ್ತೀವಿ. ನೀ ಸರಪಳಿ ಬಿಡು, ಉಣ್ಣಲಿ."

ಟಾಮಿ ಬೋಗುಣಿಯ ಕಡೆ ಜಗ್ಗುತ್ತಿತ್ತು. ಹುಲಿಗೇಶನ ಚಪ್ಪಲಿ ಮಣ್ಣಲ್ಲಿ ಜಾರುತ್ತಿತ್ತು. ಪಂಪಾವತಿ ಬಂದು ಹಿಂದಿನಿಂದ ಅವನ ಸೊಂಟ ಹಿಡಿದಳು.

"ಬಿಡಲೇ ಅಂದ್ನಿ."

"ಬಿಡಾಂಗಿಲ್ರಿ ಅಯ್ಯಾರ" ಎಂದ ಹುಲಿಗೇಶ, ಸರಪಳಿಯನ್ನು ಮುಷ್ಟಿಗೆ ಸುತ್ತಿಕೊಂಡು. "ಡಾಕ್ಟರ್ ಹೇಳ್ಯಾರ. ತಿಂಡಿ ಪೂರಾ ಬಂದ್. ಇದರದೂ, ನಿಮ್ಮದೂ."