ಮಾಮಾ ವಿಚಾರ ಮಾಡುತ್ತಿದ್ದಾರೆ

ನಮ್ಮ ಮಾಮಾ ಕೈಯಲ್ಲಿರುವ ಒಂದು ಇಸ್ಪೀಟೆಲೆಯನ್ನು ಕೆಳಗಿಡುವಷ್ಟರಲ್ಲಿ ಅಕ್ಕಲಕೋಟೆಯಿಂದ ಹೊರಟ ಎಸ್‌ಟಿ ಬಸ್ಸು ಸೊಲ್ಲಾಪುರ ಮುಟ್ಟಿ, ಡ್ರೈವರ್ ಚಹಾ ಕುಡಿದು, ಬಸ್ಸು ತಿರುಗಿ ಅಕ್ಕಲಕೋಟೆಗೆ ಹೋಗಿ ನಿಂತಿರುತ್ತದೆ! ಉತ್ಪ್ರೇಕ್ಷೆ ಎನ್ನುತ್ತೀರಾ? ಒಂದು ರವಿವಾರ ಸೊಲ್ಲಾಪುರದ ನಮ್ಮ ಮನೆಗೆ ಬಂದು ಅವರ ಎದುರಿಗೆ ಕೂತು ನೋಡಿ. ಊಟ ಮುಗಿಸಿಕೊಂಡೇ ಬನ್ನಿ, ಅಷ್ಟೇ.

ಮಾಮಾ ಎಂದರೆ ನಮ್ಮ ಅವ್ವನ ತಮ್ಮ. ಅಕ್ಕಲಕೋಟೆಯಲ್ಲಿ ಮನೆ, ರವಿವಾರ ಮಾತ್ರ ಇಸ್ಪೀಟಿಗೆ ನಮ್ಮಲ್ಲಿ ಹಾಜರು. ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಲ್ಲಿ ಫೈಲು ಮೆಲ್ಲಗೆ ಹೋದರೆ ಯಾರೂ ಆಶ್ಚರ್ಯಪಡುವುದಿಲ್ಲವಾದ್ದರಿಂದ ಇವರ ಸ್ವಭಾವ ಯಾರ ಕಣ್ಣಿಗೂ ಬೀಳಲಿಲ್ಲ. ಬದಲಿಗೆ ‘ಬಹಳ ಜಾಗರೂಕ ಮನುಷ್ಯ’ ಎಂದು ಹೆಸರು ಬಂತು! ಯಾವುದಕ್ಕೂ ಅವರದು ಒಂದೇ ಉತ್ತರ: “ಥಾಂಬ, ತಡಿ, ಸ್ವಲ್ಪ ವಿಚಾರ ಮಾಡ್ತೀನಿ.”

ಮೈಂದರ್ಗಿಗೆ ಹೋಗುವ ಖಾಲಿ ಬಸ್ಸು ಹತ್ತಿದರೂ ವಿಚಾರವೇ. ಬಿಸಿಲು ಯಾವ ಕಡೆ ಬೀಳುತ್ತದೆ, ಗಾಲಿಯ ಮೇಲಿನ ಸೀಟು ಯಾವುದು, ಕಿಟಕಿ ಸರಿಯುತ್ತದೋ ಇಲ್ಲವೋ ಎಂದು ತೂಗಿ ನೋಡುವಷ್ಟರಲ್ಲಿ ಬಸ್ಸು ಭರ್ತಿಯಾಗಿರುತ್ತದೆ. ಮೈಂದರ್ಗಿಯವರೆಗೂ ನಿಂತೇ ಪ್ರಯಾಣ. ಇಳಿದ ಮೇಲೆ ಮಾತ್ರ ಅವರ ಮುಖದಲ್ಲಿ ಗೆಲುವು: “ಎಡಕ್ಕ ಕೂತಿದ್ರ ಬಿಸಿಲು ಬಡೀತಿತ್ತು ನೋಡು!”

ಮದುವೆಯದು ಇನ್ನೂ ದೊಡ್ಡ ಕತೆ. ಹನ್ನೂರಿಗೆ ಹೆಣ್ಣು ನೋಡಲು ಹೋದರು, ಅವಲಕ್ಕಿ ತಿಂದರು, ವಿಚಾರ ಮಾಡುತ್ತೇನೆಂದು ಬಂದರು. ಮತ್ತೆ ಹೋದರು, ಮತ್ತೆ ಅವಲಕ್ಕಿ ತಿಂದರು. ಇವರ ವಿಚಾರ ಮುಗಿಯಲಿಲ್ಲ, ಅವರ ಮನೆಯ ಅವಲಕ್ಕಿ ಮುಗಿಯುತ್ತ ಬಂತು! ಕೊನೆಗೆ ಆ ಹುಡುಗಿಯೇ ಹೊರಗೆ ಬಂದು ಕೇಳಿದಳಂತೆ: “ನೀವು ಸಾವಕಾಶ ವಿಚಾರ ಮಾಡ್ರಿ. ನಾ ಮಾಡಿ ಮುಗಿಸೀನಿ. ಲಗ್ನ ಯಾವಾಗ ಅನ್ನೂದಷ್ಟ ಹೇಳ್ರಿ.” ಆಕೆಯೇ ನಮ್ಮ ಮಾಮಿ. ಅಂದಿನಿಂದ ಆ ಮನೆಯ ನಿರ್ಧಾರಗಳನ್ನೆಲ್ಲ ಆಕೆಯೇ ತೆಗೆದುಕೊಳ್ಳುತ್ತಾಳೆ.

ಇಂಥ ಮನುಷ್ಯನಿಗೆ ಪೋಕರ್ ಕಲಿಸಬಹುದೇ? ಪುಣೆಯಲ್ಲಿ ಓದುತ್ತಿರುವ ನನ್ನ ಮಗಳು ರಜೆಗೆ ಬಂದಾಗ ಕಲಿಸಿಬಿಟ್ಟಳು. ಆಟ ತಿಳಿಯದವರಿಗಾಗಿ ಹೇಳುತ್ತೇನೆ: ಪ್ರತಿಯೊಬ್ಬರ ಕೈಯಲ್ಲಿ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಕಾಣುವ ಐದು ಎಲೆ. ಎರಡನ್ನೂ ಕೂಡಿಸಿ ಯಾರ ಜೋಡಣೆ ಮೇಲೋ ಅವರು ಗೆದ್ದಂತೆ. ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲ ಇದ್ದವರಂತೆ ಪಣ ಏರಿಸಿ ಎದುರಿನವರನ್ನು ಹೆದರಿಸಿ ಓಡಿಸಬಹುದು. ಇದಕ್ಕೆ ನಮ್ಮ ಕಡೆ ‘ಥಾಪಾ ಹೊಡೆಯುವುದು’ ಎನ್ನುತ್ತಾರೆ. ಅದರಲ್ಲಿ ನಮ್ಮ ಅವ್ವನನ್ನು ಮೀರಿಸಿದವರಿಲ್ಲ!

ನಮ್ಮಲ್ಲಿ ರೊಕ್ಕ ಇಟ್ಟು ಆಡುವಂತಿಲ್ಲ, ಅದು ಅವ್ವನ ಕಟ್ಟಪ್ಪಣೆ. ಮೊದಮೊದಲು ಹುರಿದ ಶೇಂಗಾ ಇಟ್ಟು ಆಡಿದೆವು. ಮಾಮಾ ವಿಚಾರ ಮಾಡುತ್ತ ಮಾಡುತ್ತ ಒಂದೊಂದೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಸಲ ಅವರಿಗೆ ಮೂರು ಎಕ್ಕಾ ಕೂಡಿ ಬಂದು ಗೆಲ್ಲುವ ಕೈ ಸಿಕ್ಕಿತು. ಪಣಕ್ಕೆ ಹಚ್ಚಲು ಅವರ ಮುಂದೆ ಉಳಿದಿದ್ದದ್ದು ಸಿಪ್ಪೆ ಮಾತ್ರ! ಅಂದಿನಿಂದ ಅವ್ವ ಹುಣಸೆ ಬೀಜ ತಂದಿಟ್ಟಳು. ಮಾಮಾ ಅವನ್ನೂ ಒಂದು ಸಲ ಕಡಿದು ನೋಡಿದರೆನ್ನಿ.

ಹೀಗೆ ನಗುತ್ತ ನಡೆದಿದ್ದ ಆಟ ಹೋದ ವರ್ಷ ನಿಂತುಹೋಯಿತು. ಅವ್ವನಿಗೆ ಪಾರ್ಶ್ವವಾಯು ಬಡಿಯಿತು. ದವಾಖಾನೆಯಿಂದ ಮನೆಗೆ ಬಂದಳು, ಮೆಲ್ಲಗೆ ಕೈ ಆಡಿತು, ಮಾತೂ ಬಂತು. ಆದರೆ ಎಂಥ ಮಾತು! ಜಗಳವಿಲ್ಲ, ಬೈಗುಳವಿಲ್ಲ, ಏನು ಕೇಳಿದರೂ “ಹೂಂ, ನಿಮ್ಮ ಮನಸು.” ಇಡೀ ಓಣಿಗೆ ಕೇಳುವಂತೆ ನಮ್ಮನ್ನು ಬೈಯುತ್ತಿದ್ದ ಅವ್ವ ಬೇರೆಯವರ ಮನೆಗೆ ಬೀಗತಿಯಾಗಿ ಬಂದವಳಂತೆ ಕೂತಿರುತ್ತಿದ್ದಳು. ನನಗೆ ಅವಳ ಕಾಯಿಲೆಗಿಂತ ಆ ಸಭ್ಯತನವೇ ಹೆಚ್ಚು ಹೆದರಿಕೆ ಹುಟ್ಟಿಸಿತ್ತು.

ಮನಸ್ಸಿಗೆ ತ್ರಾಸವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ನಾವು ಮತ್ತೆ ರವಿವಾರದ ಆಟ ಶುರು ಮಾಡಿ, ಅವ್ವನೇ ಗೆಲ್ಲಬೇಕೆಂದು ಒಳಗೊಳಗೇ ಠರಾವು ಪಾಸು ಮಾಡಿದೆವು. ಅವ್ವ ಬೀಜ ಮುಂದೆ ದೂಡಿದರೆ ಸಾಕು, ಎಲ್ಲರೂ ಎಲೆ ಎಸೆಯುವುದು. ಅವಳ ಮುಂದೆ ಬೀಜದ ಗುಡ್ಡೆ ಬೆಳೆಯಿತು, ಮುಖದಲ್ಲಿ ಮಾತ್ರ ನಗು ಬೆಳೆಯಲಿಲ್ಲ. ಒಂದು ರವಿವಾರ ಆಟಕ್ಕೆ ಕೂಡುವ ಮುಂಚೆಯೇ ಹೇಳಿಬಿಟ್ಟಳು: “ಇವತ್ತ ಒಂದ ಆಡ್ತೀನಿ. ನಾಳಿಂದ ನನಗ ಎಲಿ ಹಾಕಬ್ಯಾಡ್ರಿ.”

ನಾನು ಕೂಡಲೇ ಅಡುಗೆಮನೆಗೆ ಮಾಮಾನನ್ನು ಎಳೆದುಕೊಂಡು ಹೋಗಿ, “ಮಾಮಾ, ಇವತ್ತರ ಆಕಿ ಖುಷಿಲೆ ಗೆಲ್ಲಬೇಕ್ರಿ. ಲಗೂನ ಎಲಿ ಒಗದಬಿಡ್ರಿ,” ಎಂದು ಕೈಮುಗಿದೆ. ಮಾಮಾ ಎಂದಿನಂತೆ “ವಿಚಾರ ಮಾಡ್ತೀನಿ,” ಎಂದರು.

ಚಾದರದ ಮೇಲೆ ಸುತ್ತಲೂ ಕೂತೆವು. ನಡುವೆ ಐದು ಎಲೆ ಬಿದ್ದವು. ಅವುಗಳಲ್ಲಿ ಮೂರು ಬದಾಮಿನವು, ಅಂದರೆ ಕೆಂಪು ಹೃದಯದ ಗುರುತಿನವು. ಕೈಯಲ್ಲಿ ಇನ್ನೆರಡು ಬದಾಮ ಇದ್ದು ಐದೂ ಒಂದೇ ಗುರುತು ಕೂಡಿದವರು ಗೆದ್ದಂತೆಯೇ. ಅವ್ವ ತನ್ನ ಬೀಜದ ಗುಡ್ಡೆಯನ್ನೆಲ್ಲ ಮುಂದೆ ದೂಡಿದಳು. ನಾನು ಎಲೆ ಎಸೆದೆ, ನನ್ನ ಹೆಂಡತಿ ಎಸೆದಳು, ರಜೆಗೆ ಬಂದಿದ್ದ ಮಗಳೂ ಎಸೆದಳು. ಉಳಿದವರು ಮಾಮಾ. ಪಕ್ಕದಲ್ಲೇ ಕೂತಿದ್ದ ನನಗೆ ಅವರ ಕೈ ಕಂಡಿತು: ರಾಜಾ, ರಾಣಿ. ನಡುವೆಯೂ ಒಂದು ರಾಜಾ, ಒಂದು ರಾಣಿ ಬಿದ್ದಿದ್ದವು. ಎರಡು ಜೋಡಿ! ಅವ್ವನ ಬಳಿ ಬದಾಮ ಇದ್ದರೆ ಮಾಮಾ ಮಣ್ಣು, ಥಾಪಾ ಆಗಿದ್ದರೆ ಅವ್ವ ಮಣ್ಣು.

ಮಾಮಾ ಚಷ್ಮಾ ತೆಗೆದು ಒರೆಸಿದರು. ಎದ್ದು ಅಂಗಳಕ್ಕೆ ಹೋಗಿ ಬಂದರು. ನೀರು ಕುಡಿದರು. “ಅಜ್ಜಾ, ಲವ್ಕರ, ಲಗೂನ ಒಗೀರಿ!” ಎಂದು ಮಗಳು ಕಣ್ಣು ಹೊಡೆದಳು. “ಥಾಂಬ ಗ,” ಎಂದರು. ತಡೆಯಲಾರದೆ ನಾನು ಮೊಣಕಾಲಿನಿಂದ ಅವರ ಮೊಣಕಾಲಿಗೆ ಮೆಲ್ಲಗೆ ಗುದ್ದಿದೆ.

“ಯಾಕಪಾ, ಯಾಕ ಗುದ್ದತಿ?” ಎಂದು ಗಟ್ಟಿಯಾಗಿ ಕೇಳಿದರು ಮಹಾರಾಯರು! ನನಗೆ ಚಾದರದೊಳಗೆ ಹೊಕ್ಕು ಮಲಗಬೇಕೆನಿಸಿತು.

ಮಾಮಾ ಅವ್ವನ ಮುಖವನ್ನೇ ನೋಡುತ್ತಿದ್ದರು. “ಅಕ್ಕಾ, ಥಾಪಾ ಹೊಡ್ಯಾಕತ್ತಿ?”

“ನೋಡಬೇಕಂದ್ರ ಬೀಜ ಹಾಕು,” ಎಂದಳು ಅವ್ವ.

ಮಾಮಾ ತಮ್ಮೆದುರಿನ ಬೀಜವನ್ನೆಲ್ಲ ಎರಡೂ ಕೈಯಿಂದ ದೂಡಿ, “ತೋರಸು,” ಎಂದರು.

ಅವ್ವ ಎಲೆ ಬಿಚ್ಚಿದಳು. ಒಂದು ದುರ್ರಿ, ಒಂದು ತಿರ್ರಿ, ಅಂದರೆ ಬರೀ ಎರಡು ಮತ್ತು ಮೂರರ ಸಣ್ಣ ಎಲೆ, ಎರಡೂ ಕರಿ! ಬದಾಮಿನ ಸುಳಿವೂ ಇಲ್ಲ. ಮಾಮಾ ಗೆದ್ದಿದ್ದರು. ನನ್ನ ಹೆಂಡತಿ ಅವ್ವನ ಬಿಪಿ ಗುಳಿಗೆಯ ಡಬ್ಬಿಗೆ ಕೈ ಹಾಕಿದಳು. ಮಾಮಾನನ್ನು ಅಲ್ಲಿಯೇ ಹಿಡಿದು ಅಕ್ಕಲಕೋಟೆಯ ಬಸ್ಸಿಗೆ ಹತ್ತಿಸಿಬಿಡುವಷ್ಟು ಸಿಟ್ಟು ಬಂತು ನನಗೆ.

“ಮಂಗ್ಯಾ!” ಅವ್ವನ ದನಿ ಮಾಳಿಗೆಗೆ ಬಡಿಯಿತು. “ಸುಡಗಾಡ ಮಾರ್ಯಾವ್ನ! ನಿನಗ ಎಲಿ ಹಿಡ್ಯಾಕ ಕಲಿಸಿದಾಕಿ ನಾನು, ನನ್ನ ಥಾಪಾ ನನ್ನ ಮುಂದ ಹಿಡೀತಿ?” ಬೈಯುತ್ತಲೇ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಮ್ಮ ಕಡೆ ತಿರುಗಿದಳು: “ನೀವೆಲ್ಲಾ ಏನು ಆಡ್ತಿದ್ರಿ? ಸಣ್ಣ ಕೂಸಿನ ಕೈಯಾಗ ಗಿಲಕಿ ಕೊಟ್ಟಂಗ! ನನಗ ತಿಳಿಯೂದಿಲ್ಲೇನು? ಇಂವ ಒಬ್ಬನ ನೋಡ್ರಿ ನನ್ನ ಕೂಡ ಆಡಿದಂವ. ಹಾಕ್ರಿ ಎಲಿ! ಇವನ ಸೊಕ್ಕು ಇಳಿಸಲಿಕ್ಕ ಬೇಕು.”

ಮಗಳು ಎಲೆ ಕಲಸತೊಡಗಿದಳು. ಮಾಮಾ ಮಾತ್ರ ಎದ್ದು ಒಳಗೆ ಹೋಗಿದ್ದರು. ಕರೆಯಲು ಹೋದರೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಮಾಮಾ, ಏನಾತ್ರಿ?”

“ಬೈದಳಪಾ,” ಎಂದರು. “ದವಾಖಾನಿಯಿಂದ ನಾವು ಯಾರನ್ನ ಕರಕೊಂಡು ಬಂದಿದ್ವೋ ಏನೋ. ನಮ್ಮ ಅಕ್ಕ ಮನಿಗೆ ಬಂದದ್ದು ಇವತ್ತ.”