ನಡುಮನೆಯಲ್ಲಿ ಏಳಲಿರುವ ಗೋಡೆಯ ಬಗ್ಗೆ

ಗಡಿ ನಿಗದಿ ಜಂಟಿ ಮಂಡಳಿಯ ಇಬ್ಬರು ಅಧ್ಯಕ್ಷರಿಗೆ,

ಮಾನ್ಯರೇ ಮತ್ತು ಮಾನ್ಯರೇ,

ತಮ್ಮಿಬ್ಬರ ಆರೋಗ್ಯ, ತಮ್ಮ ಮನೆಯವರ ಆರೋಗ್ಯ ಹಾಗೂ ತಮ್ಮ ಎರಡೂ ದೇಶಗಳ ಆರೋಗ್ಯ ಚೆನ್ನಾಗಿರಲೆಂದು ಹಾರೈಸುತ್ತಾ, ಮೊದಲಿಗೆ ನನಗೆ ಬಿದ್ದ ಒಂದು ಕೆಟ್ಟ ಕನಸನ್ನು ತಮ್ಮ ಗಮನಕ್ಕೆ ತರುತ್ತೇನೆ. ಕನಸಿನಲ್ಲಿ ನಮ್ಮ ನಡುಮನೆಯ ಗೋಡೆ ಎದ್ದು ಆಗಿತ್ತು. ಆ ಕಡೆಯಿಂದ ಅಮ್ಮ ನೀರು ಕೇಳುತ್ತಿದ್ದಳು, ಈ ಕಡೆ ನಾನು ಲೋಟ ಹಿಡಿದು ನಿಂತಿದ್ದೆ, ಗೋಡೆಯ ಕಿಂಡಿಯಲ್ಲಿ ಕೂತಿದ್ದ ಗುಮಾಸ್ತರು ನೀರು ಯಾವ ದೇಶದ್ದು ಎಂದು ಕೇಳಿದರು. ನಲ್ಲಿಯದು ಸ್ವಾಮಿ ಎಂದೆ. ನಲ್ಲಿ ಯಾವ ದೇಶದ್ದು ಎಂದರು. ಅಷ್ಟರಲ್ಲಿ ಎಚ್ಚರವಾಗಿ, ಬೆವರು ಒರೆಸಿಕೊಂಡು ನಡುಮನೆಗೆ ಓಡಿ ನೆಲ ತಡವಿ ನೋಡುತ್ತಿದ್ದಾಗ ನನ್ನ ಹೆಂಡತಿ, “ಗೋಡೆ ಇನ್ನೂ ಬಂದಿಲ್ಲ, ಬಂದು ಮಲಗ್ರೀ. ಬಂದ ಮೇಲೆ ಬೇಕಾದಷ್ಟು ತಡವೋರಂತೆ” ಎಂದಳು. ಅವಳಿಗೆ ಧೈರ್ಯ ಜಾಸ್ತಿ. ನನಗೆ ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಸ್ವಭಾವ.

ತಮಗೆ ನೆನಪಿರಬಹುದು, ಹಳೆಯ ನಕ್ಷೆ ಮಾಸಿಹೋಯಿತೆಂದು ತಮ್ಮ ಅಳತೆಯವರು ಬಂದು, ಮೂರು ಕಾಲಿನ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ನಮ್ಮ ಮನೆಯೊಳಗೆ ಹಳದಿ ಬಣ್ಣದ ಗೆರೆ ಎಳೆದು ಹೋದರು. ಗೆರೆ ಬಹಳ ನೇರವಾಗಿದೆ, ಈ ಮನೆಯಲ್ಲಿ ಅಷ್ಟು ನೇರವಾದದ್ದು ಬೇರೆ ಯಾವುದೂ ಇಲ್ಲ. ಅದು ಮನೆಯ ಮುಂಭಾಗದಲ್ಲಿರುವ ನಮ್ಮ ಹಿಟ್ಟಿನ ಗಿರಣಿಯ ನಡುವಿನಿಂದ ಹೊರಟು, ನಡುಮನೆಯನ್ನು ಸೀಳಿಕೊಂಡು, ಹಿಂಬಾಗಿಲಿನಿಂದ ಹೊರಗೆ ಹೋಗುತ್ತದೆ. ಎಡಕ್ಕೆ, ಗೆರೆಯ ಪಕ್ಕದಲ್ಲೇ, ಅಮ್ಮನ ಮಂಚವಿರುವ ಕೋಣೆ, ಅದು ಅರಸರು ಆಳುವ ದೇಶದ ಕಡೆ. ಬಲಕ್ಕೆ ಅಡುಗೆಮನೆ, ನಲ್ಲಿ, ನಾವು ಗಂಡಹೆಂಡಿರು ಮಲಗುವ ಕೋಣೆ, ಅದು ಜನ ಓಟು ಹಾಕಿ ಆರಿಸಿದವರು ಆಳುವ ದೇಶದ ಕಡೆ. ಬರುವ ತಿಂಗಳು ಇದೇ ಗೆರೆಯ ಮೇಲೆ ಗೋಡೆ ಏಳುತ್ತದೆಂದು ನೋಟೀಸು ಬಂದಿದೆ. ಅಮ್ಮ ಮಂಚದಿಂದ ಏಳಲಾರಳು.

ಗೆರೆ ಬಿದ್ದಂದಿನಿಂದ ನಮ್ಮ ವ್ಯಾಪಾರಕ್ಕೆ ಬಂದಿರುವ ಗೌರವವನ್ನು ಹೇಗೆ ಬಣ್ಣಿಸಲಿ! ಗಿರಣಿಯ ಬಾಯಿಗೆ ಗೋಧಿ ಸುರಿಯುವುದು ಅರಸರ ಕಡೆಯಿಂದ, ಹಿಟ್ಟು ಚೀಲಕ್ಕೆ ಬೀಳುವುದು ಓಟಿನ ಕಡೆಗೆ. ಆದ್ದರಿಂದ ಬೀದಿಯ ತುದಿಯ ಮನೆಯ ಅಕ್ಕ ಒಂದು ಸಣ್ಣ ಡಬ್ಬಿ ಗೋಧಿ ತಂದರೂ ಅದು ಎರಡು ಸರ್ಕಾರಗಳ ನಡುವಿನ ವ್ಯವಹಾರವಾಗುತ್ತದೆ. ಹೀಗೆ ನಿಂತುಹೋದ ಗಿರಣಿಯನ್ನು ಮತ್ತೆ ನಡೆಸಲು ಅಪ್ಪಣೆ ಕೇಳೋಣವೆಂದು ಅರಸರ ಕಚೇರಿಗೆ ಹೋದೆ. ಅಲ್ಲಿ ಒಬ್ಬರೇ ಒಬ್ಬರು ಸಾಹೇಬರು. ಅವರು ನನ್ನ ಮುಖ ನೋಡಿ, ಕಿಟಕಿಯಾಚೆ ನೋಡಿ, ಆಗಲ್ಲ ಎಂದರು. ಇಷ್ಟು ಬೇಗ ಕೆಲಸ ಮುಗಿಯುವ ಕಚೇರಿಯನ್ನು ನಾನು ಕಂಡದ್ದೇ ಇಲ್ಲ. ಯಾಕೆ ಎಂದು ಕೇಳಬಹುದೇ ಎಂದದ್ದಕ್ಕೆ ಬಾಗಿಲಲ್ಲಿದ್ದ ಜವಾನರು ತುಟಿಯ ಮೇಲೆ ಬೆರಳಿಟ್ಟು, “ಅಣ್ಣಾ, ಮನೆಗೆ ಹೋಗಬೇಕು ತಾನೇ ನಿನಗೆ?” ಎಂದು ಬಹಳ ಪ್ರೀತಿಯಿಂದ ವಿಚಾರಿಸಿದರು.

ಓಟಿನ ಕಡೆ ಹಾಗಲ್ಲ, ಅಲ್ಲಿ ಎಷ್ಟು ಬೇಕಾದರೂ ಕೇಳಬಹುದು. ಕುರ್ಚಿ ಕೊಟ್ಟರು. ಸಮಿತಿ ಸೇರಿತು. ಒಬ್ಬರು ಗಿರಣಿ ಬೇಕು ಎಂದರು, ಇನ್ನೊಬ್ಬರು ಮೊದಲಿನವರು ಬೇಕು ಎಂದದ್ದಕ್ಕೇ ಬೇಡ ಎಂದರು, ಮೂರನೆಯವರು ಹಿಟ್ಟಿನ ವಿಷಯ ಬಿಟ್ಟು ಚರಂಡಿಯ ವಿಷಯ ಎತ್ತಿದರು. ಚರಂಡಿ ಕಟ್ಟಿಕೊಂಡಿರುವುದು ನಿಜವೇ ಆದ್ದರಿಂದ ನಾನೂ ಚಪ್ಪಾಳೆ ತಟ್ಟಿದೆ. ಕೊನೆಗೆ ಉಪಸಮಿತಿಯಾಯಿತು. ಆಗಲ್ಲ ಎಂದು ಯಾರೂ ಅನ್ನಲಿಲ್ಲ, ಆಯಿತು ಎಂದೂ ಅನ್ನಲಿಲ್ಲ. ಹೊರಗೆ ಬಂದು ಬೀದಿಯಲ್ಲಿ ನಿಂತು ಆ ಸಮಿತಿಯ ಅಧ್ಯಕ್ಷರನ್ನು ಬಾಯಿಗೆ ಬಂದಂತೆ ಬೈದೆ, ಯಾರೂ ಹಿಡಿಯಲಿಲ್ಲ. ಸುಳ್ಳೇಕೆ, ಎದೆ ಹಗುರಾಯಿತು. ಗಿರಣಿ ಮಾತ್ರ ಎರಡೂ ಕಡೆ ಮುಚ್ಚಿಯೇ ಇದೆ.

ನಾನು ನಾಲ್ಕನೇ ತರಗತಿಯ ನಡುವಿನಲ್ಲೇ ಪುಸ್ತಕ ಬಿಟ್ಟು ಗಿರಣಿಯ ಬೆಲ್ಟು ಹಿಡಿದವನು, ಈ ಪದ್ಧತಿಗಳಲ್ಲಿ ಯಾವುದು ಮೇಲು ಎಂದು ಹೇಳುವಷ್ಟು ಓದಿಲ್ಲ. ಹಾಗಾಗಿ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮನ್‌ರನ್ನು ಕೇಳಿದೆ. ಬೇರೆ ಬೇರೆ ದೇಶದ ಸ್ಟಾಂಪು ನೋಡಿ ನೋಡಿ ಅವರಿಗೆ ಎಲ್ಲವೂ ಗೊತ್ತು. ಕೆಲವು ದೇಶಗಳಲ್ಲಿ ರಾಜನೂ ಇರುತ್ತಾನೆ, ಓಟೂ ಇರುತ್ತದೆ ಎಂದರು. ಓಟು ಇದ್ದ ಮೇಲೆ ರಾಜ ಏನು ಮಾಡುತ್ತಾನೆ ಎಂದು ಗಾಬರಿಯಾಗಿ ಕೇಳಿದೆ. “ಕೈ ಬೀಸ್ತಾನೆ ಕಣಯ್ಯಾ” ಎಂದರು. ದಿನವಿಡೀ? “ಹಬ್ಬಹರಿದಿನದಲ್ಲಿ ಸ್ವಲ್ಪ ಜಾಸ್ತಿ.” ಇನ್ನು ಕೆಲವು ಕಡೆ ಓಟು ಇರುತ್ತದಂತೆ, ಆದರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುತ್ತದಂತೆ. ಅಂಥ ಕಡೆ ನನ್ನಂಥ ಚಿಂತೆಯವರಿಗೆ ನಿದ್ದೆ ಚೆನ್ನಾಗಿ ಬರಬಹುದು ಎಂದು ಒಂದು ಕ್ಷಣ ಆಸೆಯೂ ಆಯಿತು. ಆಮೇಲೆ ಜವಾನರ ಬೆರಳು ನೆನಪಾಗಿ ಆಸೆ ಇಳಿಯಿತು.

ತಮ್ಮ ಜನಗಣತಿಯ ಹುಡುಗಿಯೊಬ್ಬಳು ಬಂದು ಅಮ್ಮನ ಮಂಚದ ಪಕ್ಕ ಕೂತು, “ಅಜ್ಜಿ, ನಿಮಗೆ ಯಾವ ಥರದ ಸರ್ಕಾರ ಬೇಕು?” ಎಂದು ಕೇಳಿದಳು. ಅಮ್ಮ ಬಹಳ ಹೊತ್ತು ಯೋಚಿಸಿ, “ಕೂಗಿದ್ರೆ ಓ ಅನ್ನೋದು ಬೇಕವ್ವ” ಎಂದಳು. ಹುಡುಗಿ ತಲೆಯಾಡಿಸಿ, ‘ಅಭಿಪ್ರಾಯವಿಲ್ಲ’ ಎಂದು ಬರೆದುಕೊಂಡಳು. ಆ ಹುಡುಗಿಯ ತಪ್ಪಿಲ್ಲ, ತಾವು ಕೊಟ್ಟ ಹಾಳೆಯಲ್ಲಿ ಅಂಥದಕ್ಕೆ ಜಾಗವಿರಲಿಲ್ಲ.

ಆದ್ದರಿಂದ ಮಾನ್ಯರೇ ಮತ್ತು ಮಾನ್ಯರೇ, ಗೆರೆಯನ್ನು ನೆಲದ ಬದಲು ನಮ್ಮ ಹೆಂಚಿನ ಮೇಲಿಂದ ಹಾಯಿಸಲು ಸಾಧ್ಯವೇ ಪರಿಶೀಲಿಸಬೇಕಾಗಿ ಕೋರುತ್ತೇನೆ. ಮೇಲೆ ಬೆಕ್ಕು ಬಿಟ್ಟರೆ ಯಾರೂ ಓಡಾಡುವುದಿಲ್ಲ, ಬೆಕ್ಕಿನ ಹೊಣೆ ನನ್ನದು. ಅದಾಗದಿದ್ದರೆ ತಾವಿಬ್ಬರೂ ಸೋಮವಾರಕ್ಕೊಮ್ಮೆ ಸರ್ಕಾರಗಳನ್ನು ಅದಲುಬದಲು ಮಾಡಿಕೊಳ್ಳಬಹುದು: ಒಂದು ವಾರ ಅರಸರು ಚರಂಡಿ ತೆಗೆಸಲಿ, ಇನ್ನೊಂದು ವಾರ ಜನ ಅವರನ್ನು ಬೈಯಲಿ. ಅದೂ ಆಗದಿದ್ದರೆ ಅಮ್ಮನ ಮಂಚವನ್ನು ಪ್ರತ್ಯೇಕ ದೇಶವೆಂದು ಘೋಷಿಸಬೇಕು. ಆಳ್ವಿಕೆಯ ಅನುಭವ ಅವಳಿಗಿದೆ. ಸೈನ್ಯವಿಲ್ಲದೆ, ಓಟಿಲ್ಲದೆ, ಎದ್ದು ಕೂರದೆ ನಮ್ಮೆಲ್ಲರನ್ನೂ ಅವಳು ಆಳುತ್ತಿದ್ದಾಳೆ, ಯಾವ ಅರ್ಜಿಯನ್ನೂ ಉಪಸಮಿತಿಗೆ ಕಳಿಸಿಲ್ಲ. ನನ್ನ ಹೆಂಡತಿಗೂ ಅವಳಿಗೂ ಎಷ್ಟೋ ವರ್ಷಗಳ ಗಡಿ ತಕರಾರಿದೆ, ಆದರೂ ಇಬ್ಬರಲ್ಲಿ ಯಾರೂ ಗೋಡೆ ಕಟ್ಟುವ ಮಾತೆತ್ತಿದ್ದಿಲ್ಲ. ನೋಟೀಸು ಬಂದ ದಿನ ನನ್ನ ಹೆಂಡತಿಯೇ ಅದನ್ನು ಓದಿ, “ಅತ್ತೆ ಹತ್ರ ಜಗಳ ಆಡೋಕ್ಕೂ ಇನ್ಮೇಲೆ ವೀಸಾ ತಗೋಬೇಕಾ?” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇಷ್ಟೆಲ್ಲ ಬರೆದು ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡಿದ್ದಕ್ಕೆ ಕ್ಷಮೆಯಿರಲಿ. ಗೋಡೆ ಕಟ್ಟಲೇಬೇಕೆಂದಿದ್ದರೆ ಕಟ್ಟಿ, ಅಡ್ಡ ಬರುವಷ್ಟು ಎದೆ ನನಗಿಲ್ಲ.

ಸದ್ಯಕ್ಕೆ ಎರಡೂ ಕಡೆಯಿಂದ
ತಮ್ಮ ವಿಶ್ವಾಸಿ,
ಗಿರಣಿಯವನು

ತಾ.ಕ.: ಅಳತೆಯವರು ಮರೆತು ಬಿಟ್ಟುಹೋಗಿದ್ದ ಗೋಡೆಯ ನಕ್ಷೆಯನ್ನು ಪೋಸ್ಟ್‌ಮನ್‌ರ ಕನ್ನಡಕ ಹಾಕಿಕೊಂಡು ನೋಡಿದೆ. ಅದರಲ್ಲಿ ಒಂದು ಬಾಗಿಲಿದೆ, ಅದಕ್ಕೆ ಈ ಕಡೆಗೊಂದು ಚಿಲಕ, ಆ ಕಡೆಗೊಂದು ಚಿಲಕ. ಒಬ್ಬರು ಒಬ್ಬರೇ ಕೂತು ಆಳಿದರೂ, ಇನ್ನೊಬ್ಬರು ಎಲ್ಲರನ್ನೂ ಕೇಳಿ ಆಳಿದರೂ, ಚಿಲಕದ ವಿಷಯದಲ್ಲಿ ತಮ್ಮಿಬ್ಬರಿಗೂ ಒಂದೇ ಅಭಿಪ್ರಾಯವಿರುವುದು ಕಂಡು ಸಂತೋಷವಾಯಿತು. ಆದರೆ ಎರಡನ್ನೂ ನಿಂತವರ ಎದೆಯ ಎತ್ತರಕ್ಕೆ ತೋರಿಸಿದ್ದಾರೆ. ಅಮ್ಮನ ಕಡೆಯ ಚಿಲಕವನ್ನು ಮಂಚದ ಎತ್ತರಕ್ಕೆ, ಮಲಗಿದವರ ಬಲಗೈಗೆ ಎಟುಕುವಂತೆ ಇಳಿಸಬಹುದೇ, ದಯವಿಟ್ಟು ಅದೊಂದನ್ನು ಇನ್ನೊಮ್ಮೆ ನೋಡಿ. ಎಡಗೈ ಅವಳಿಗೆ ಏಳುವುದಿಲ್ಲ.